ಸನ್ಮಾನದ ಹೂವಿಗೆ ನೀರು ಹಾಕುವವಳು

ನನ್ನ ಗಂಡ ನಿಂಗರಾಜ ಸನ್ಮಾನ ಮಾಡುವುದರಲ್ಲಿ ಎತ್ತಿದ ಕೈ. ಇಳಕಲ್ಲಿನ ಒಂದು ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ. ಇವತ್ತು ಹುನಗುಂದದಲ್ಲಿ ನಿವೃತ್ತ ಮಾಸ್ತರರಿಗೆ, ನಾಳೆ ಕೆರೂರಿನಲ್ಲಿ ಭಜನೆ ಮೇಳದವರಿಗೆ. ಶಾಲು, ಫಲಕ, ಹೂಗುಚ್ಛ, ಚಪ್ಪಾಳೆ. ಜನ ಅವನನ್ನು ದೊಡ್ಡ ಮನಸ್ಸಿನವ ಎನ್ನುತ್ತಾರೆ. ಆ ದೊಡ್ಡ ಮನಸ್ಸು ನಮ್ಮ ಬಚ್ಚಲುಮನೆಯ ಬಕೆಟ್ಟಿನಲ್ಲಿ ಇರುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಹೂಗುಚ್ಛ ಹುಬ್ಬಳ್ಳಿಯಿಂದ ಬಸ್ಸಿಗೆ ಬರುತ್ತದೆ. ವೇದಿಕೆಯ ಮೇಲೆ ಕೈಗೆ ಕೊಟ್ಟು, ಫೋಟೋ ಹೊಡೆಸಿ, “ಕೊಡ್ರಿ, ನಿಮಗ್ಯಾಕ ತ್ರಾಸ” ಎಂದು ನಯವಾಗಿ ಇಸಿದುಕೊಂಡು ಹಿಂದೆ ಇಡುತ್ತಾನೆ. ಮರಳಿ ಕೇಳಲು ಅವರಿಗೆ ನಾಚಿಕೆ, ಇಟ್ಟುಕೊಳ್ಳಲು ಇವನಿಗೆ ನಾಚಿಕೆಯಿಲ್ಲ. ಅದೇ ಹೂವು ಮುಂದಿನವರಿಗೆ, ಅದರ ಮುಂದಿನವರಿಗೆ. ನಡುವೆ ಅದರ ಜೀವ ಹಿಡಿದಿಡುವ ಕೆಲಸ ನನ್ನದು.

ದಂಟಿನ ತುದಿಯನ್ನು ನೀರೊಳಗೇ ಓರೆಯಾಗಿ ಕತ್ತರಿಸಬೇಕು. ನೀರಿಗೆ ತಾಗುವ ಎಲೆಗಳನ್ನು ಕೀಳಬೇಕು, ಇಲ್ಲದಿದ್ದರೆ ಕೊಳೆತು ನಾರುತ್ತವೆ. ಒಂದಿಷ್ಟು ಸಕ್ಕರೆ, ನಾಲ್ಕು ಹನಿ ಲಿಂಬೆರಸ, ದಿನಾ ಹೊಸ ನೀರು. ಕತ್ತು ಬಾಗಿದ ಗುಲಾಬಿಯನ್ನು ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ನೀರಿನಲ್ಲಿ ಆಳವಾಗಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ತಲೆ ಎತ್ತುತ್ತದೆ. ಜರ್ಬೆರಾ ಹೂವಿನ ದಂಟು ಮುರಿದರೆ ಒಳಗೊಂದು ಊದಿನಕಡ್ಡಿ ತೂರಿಸಬೇಕು. ಇಳಕಲ್ಲಿನ ಬಿಸಿಲಿನಲ್ಲಿ ಕುಡಿಯುವ ನೀರಿಗೇ ನಾವು ಬಾಯಿ ಬಿಡುತ್ತೇವೆ, ಇವಕ್ಕೆ ಮಾತ್ರ ರಾಜೋಪಚಾರ!

“ಇದೇನ್ರೀ, ಎಂಜಲ ತಾಟಿನ್ಯಾಗ ಊಟಕ್ಕ ಹಾಕಿದಂಗ” ಎಂದು ಎಷ್ಟೋ ಸಲ ಜಗಳ ತೆಗೆದಿದ್ದೆ.

“ಫೋಟೋ ಮುಗದ ಮ್ಯಾಲೆ ಹೂವಿನ ಕೆಲಸ ಏನೈತಿ ಹೇಳು” ಎನ್ನುತ್ತಿದ್ದ. ಬೈಯುತ್ತ ಬೈಯುತ್ತಲೇ ನಾನು ನೀರು ಬದಲಿಸುತ್ತಿದ್ದೆ.

ಈ ಸಲ ಸನ್ಮಾನದ ಪಟ್ಟಿಯಲ್ಲಿ ನಮ್ಮವ್ವ ಮುತ್ತವ್ವನ ಹೆಸರು ಬಂತು. ಅವ್ವ ಹುಡುಗಿಯಾಗಿದ್ದಾಗಿನಿಂದ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವಳು. ಅವಳು ನೇಯ್ದ ಸೀರೆ ಉಟ್ಟ ಹೆಣ್ಣುಮಕ್ಕಳಿಗೆ ಲೆಕ್ಕವಿಲ್ಲ. ಅವಳಿಗೆ ಮಾತ್ರ ಯಾರೂ ಎದ್ದುನಿಂತು ಒಂದು ನಮಸ್ಕಾರ ಹೇಳಿದ್ದಿಲ್ಲ. ಸುದ್ದಿ ಕೇಳಿದ ದಿನವೇ ತಾಮ್ರದ ಚರಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದಳು.

“ಬೊಕೆ ಕೊಡ್ತಾರಂತಲ್ಲ, ಇದರಾಗ ಇಡತೇನಿ. ನಿಮ್ಮಪ್ಪನ ಫೋಟೋದ ಮುಂದ. ವಾರತನಕ ಬಾಡದಂಗ ಹ್ಯಾಂಗ ಇಡೂದು, ಹೇಳಿಕೊಡವಾ” ಎಂದಳು.

ಮನೆಗೆ ಬಂದವಳೇ ಗಂಡನನ್ನು ಹಿಡಿದುಕೊಂಡೆ. “ನಮ್ಮವ್ವಗ ಹೊಸಾದ ಬೇಕು. ಹೊಸಾದು! ಅಕಿ ಕೈಯಾಗಿಂದು ಇಸ್ಕೊಳ್ಳೂಹಂಗಿಲ್ಲ.”

“ಆತು ಮಾರಾಯ್ತಿ, ಅಕಿ ನನಗ ಅತ್ತಿ ಅಲ್ಲೇನು? ಹೊಸಾದ ತರಸ್ತೇನಿ” ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ನಾನು ನಂಬಿದೆ.

ಕಾರ್ಯಕ್ರಮದ ದಿನ ಮೇಜಿನ ಮೇಲೆ ಎರಡು ಹೂಗುಚ್ಛ ಇದ್ದವು. ಒಂದು ಬಸ್ಸಿನಿಂದ ಆಗಷ್ಟೇ ಇಳಿದು ಬಂದದ್ದು. ಇನ್ನೊಂದು ನಮ್ಮ ಬಕೆಟ್ಟಿನದು. ಹೊಸದನ್ನು ನೋಡಿ ಮನಸ್ಸು ತಂಪಾಯಿತು. ಅಷ್ಟರಲ್ಲಿ ನಿಂಗರಾಜ ಅದನ್ನು ಎತ್ತಿ, ಮುಖ್ಯ ಅತಿಥಿಯಾಗಿ ಬಂದಿದ್ದ ಗ್ರಾನೈಟ್ ಫ್ಯಾಕ್ಟರಿ ಮಾಲೀಕನ ಕೈಗೆ ಬಾಗಿ ಬಾಗಿ ಕೊಟ್ಟ.

ಅವ್ವನ ಕೈಗೆ ಬಕೆಟ್ಟಿನದು ಬಂತು. ಹಳದಿ ಜರ್ಬೆರಾದ ಕೆಳಗೆ ನಾನೇ ತೂರಿಸಿದ ಕಡ್ಡಿಯ ಕೆಂಪು ತುದಿ ಮುಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಅವ್ವ ಅದನ್ನು ಎದೆಗೆ ಅವುಚಿಕೊಂಡು ನಕ್ಕಳು. ಫೋಟೋ ಆಯಿತು. ಕುರ್ಚಿಯತ್ತ ಹೊರಟವಳನ್ನು ನಿಂಗರಾಜ ತಡೆದು ಹೂವಿಗೆ ಕೈ ಹಾಕಿದ. ಮೈಕು ಚಾಲೂ ಇತ್ತು.

“ಬಿಡ್ರಿ ಅತ್ತಿ, ಮುಂದ ಸಂಗಯ್ಯನವರಿಗೆ ಕೊಡೂದೈತಿ.”

ಅವ್ವ ಬಿಡಲಿಲ್ಲ. “ಇದು ನಂದಲ್ಲನು?” ಎಂದಳು.

ಇಡೀ ಸಭೆ ಹೋ ಎಂದು ನಕ್ಕಿತು. ಅವ್ವನ ಕೈ ಸಡಿಲಾಯಿತು. ಅವನು ಕಿತ್ತುಕೊಂಡ.

ನಾನು ವೇದಿಕೆ ಹತ್ತಿದ್ದು ನನಗೇ ಗೊತ್ತಿಲ್ಲ. ಮೈಕು ಹಿಡಿದು ಹೇಳಿಯೇಬಿಟ್ಟೆ. “ನಗಬ್ಯಾಡ್ರಿ! ಈ ಹೂವು ಹುನಗುಂದದ ಮಾಸ್ತರರ ಕೈಯಾಗಿಂದ ಇಸ್ಕೊಂಡಿದ್ದು. ನಮ್ಮ ಬಚ್ಚಲದಾಗ ಇತ್ತು. ನಿಮಗ ಇಲ್ಲಿ ಸನ್ಮಾನ ಆಗಿದ್ರ, ನೀವು ಹಿಡಿದಿದ್ದೂ ಇಂಥಾದ್ದ. ನೀರು ಹಾಕಿ ಇಟ್ಟಾಕಿ ನಾ. ಖರೆ ಹೌದೋ ಅಲ್ಲೋ ಇವರನ್ನ ಕೇಳ್ರಿ!”

ನಗು ನಿಂತಿತು. ತಬಲಾ ಬಾರಿಸುವ ಮುದುಕ ಸಂಗಯ್ಯ ಎರಡೂ ಕೈ ಮುಗಿದು, “ನನಗ ಬ್ಯಾಡ್ರಿ” ಎಂದು ಹಿಂದೆ ಸರಿದ. ನಿಂಗರಾಜ ನನ್ನ ರಟ್ಟೆ ಹಿಡಿದು ಹಲ್ಲು ಕಚ್ಚಿದ.

“ನನ್ನ ಮರ್ಯಾದಿ ತಗದೆಲ್ಲೇ!”

“ನಿಮ್ಮ ಮರ್ಯಾದಿ ಇಷ್ಟ ದಿನ ನೀರಾಗ ಇಟ್ಟು ಕಾದಾಕಿ ನಾ. ಇನ್ನ ಮ್ಯಾಲೆ ನೀವ ಕಾಯ್ಕೋರಿ” ಎಂದು ಕೈ ಕೊಡವಿಕೊಂಡು ಅವ್ವನನ್ನು ಕರೆದುಕೊಂಡು ಇಳಿದುಬಂದೆ.

ಆಟೋದಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಕಳ್ಳ ಎಂದೆ, ನಾಚಿಕೆಗೆಟ್ಟವ ಎಂದೆ, ಅವನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದೆ. ಆಟೋದವ ಎರಡು ಸಲ ತಿರುಗಿ ನೋಡಿದ. ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟಳು.

“ಸಾಕ ಬಿಡವಾ, ಎಷ್ಟರೆ ಬೈತಿ. ಹೂವ ಏನಂದ್ರೂ ಭಾಳ ಚಲೋ ಇದ್ದುವು. ಈಗಷ್ಟ ಗಿಡದಾಗಿಂದ ಹರಕೊಂಡು ಬಂದಂಗ ಇದ್ದುವು. ಹಳೇವು ಅಂತ ನನಗ ಒಂದೀಟೂ ಗೊತ್ತಾಗಲಿಲ್ಲ ನೋಡು.”

ನನ್ನ ಸಮಾಧಾನಕ್ಕೆಂದೇ ಹೇಳಿದಳು, ಪಾಪ. ಅವಳಿಗೆ ಗೊತ್ತಾಗದ ಹಾಗೆ ಅಷ್ಟು ಚೆಂದ ಕಾದಿಟ್ಟವಳು ನಾನು. ಗಂಡನ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಈ ಎರಡು ಕೈಗಳ ಮೇಲೆಯೇ ಬಂತು.