ಒಂದೂವರೆ ಕ್ಯಾನಿನ ಬ್ಯಾಗು

ಸಾಲಗಾಮೆಯ ಮಂಜೇಶ ಬ್ಯಾಗು ಕೊಳ್ಳುವಾಗ ಎಡವಟ್ಟು ಮಾಡಿಕೊಂಡದ್ದಕ್ಕೆ ಅವನ ಹಸುಗಳೇ ಕಾರಣ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ದೇವರಾಜ್ ಅವನಿಗೆ ಮೊದಲು ತೋರಿಸಿದ್ದು ಅಚ್ಚುಕಟ್ಟಾದ ಒಂದು ನೀಲಿ ಬ್ಯಾಗನ್ನೇ.

"ಒಂದಿನ ಬೆಟ್ಟ ಅತ್ತಿ ಇಳಿಯಕ್ಕೆ ಇದು ಸಾಕು ಸಾ. ಇಪ್ಪತ್ ಲೀಟರು."

ಕೆಟ್ಟದ್ದು ಅಲ್ಲೇ. ಮಂಜೇಶನಿಗೆ ಲೀಟರು ಅಂದರೆ ಹಾಲು. ದಿನಾ ಬೆಳಿಗ್ಗೆ ಡೈರಿಯಲ್ಲಿ ನಲವತ್ತು ಲೀಟರಿನ ಕ್ಯಾನು ನೋಡುವವನು ಅವನು. ಇಪ್ಪತ್ತು ಅಂದರೆ ಅರ್ಧ ಕ್ಯಾನು. ಗಂಡಸಾದವನು ಅರ್ಧ ಕ್ಯಾನು ಹೊತ್ತುಕೊಂಡು ನಾಲ್ಕು ಜನರ ಮುಂದೆ ಹೋಗುವುದೇ?

"ಅರ್ಧ ಕ್ಯಾನು ಯಾವನ್ಗೆ ಬೇಕಣ್ಣಾ? ಅಗೋ, ಆ ಮ್ಯಾಲಿಂದು ತೆಗಿ."

ಮೇಲೆ ತೂಗುತ್ತಿದ್ದದ್ದು ಅರವತ್ತು ಲೀಟರಿನ ಹಸಿರು ಬ್ಯಾಗು. ಬಿಸಿಲಿಗೆ ಬಣ್ಣ ಹೋಗಿ, ಜಿಪ್ಪು ಬಿಗಿಯಾಗಿದ್ದರಿಂದ ನೀಲಿಗಿಂತ ಕಮ್ಮಿ ಬೆಲೆ. ಅದು ವಾರಗಟ್ಟಲೆ ಹೋಗುವವರಿಗೆ ಅಂತ ದೇವರಾಜ್ ಬಡಕೊಂಡ. ಮಂಜೇಶ ಆಲೂಗಡ್ಡೆ ಮೂಟೆ ನೋಡುವ ಹಾಗೆ ಹೊಲಿಗೆ ಎಳೆದು ನೋಡಿ, "ದೊಡ್ದೇ ಅಗ್ಗುಕ್ ಸಿಕ್ತಾ ಇರ್ವಾಗ ಚಿಕ್ದು ತಗಳಕ್ಕೆ ನನ್ಗೇನ್ ಉಚ್ಚಾ?" ಅಂದ. ತೆಗೆದುಕೊಂಡೇ ಬಿಟ್ಟ.

ಅವನಿಗೆ ಬೆಟ್ಟ ಹತ್ತುವ ಹುಚ್ಚು ಯಾಕೆ ಹಿಡಿಯಿತು ಅಂದರೆ, ಮಾತಿಗೆ ಜನ ಬೇಕಾಗಿತ್ತು. ವಯಸ್ಸು ಮೂವತ್ತಾರು. ಹೊಲ ಗೇಯುವವನಿಗೆ ಹೆಣ್ಣು ಕೊಡುವುದಿಲ್ಲ ಅಂತ ಮೂರು ತಾಲ್ಲೂಕಿನ ಹೆಣ್ಣು ಹೆತ್ತವರು ಮುಖದ ಮೇಲೇ ಹೇಳಿದ್ದರು. ಜೊತೆಗೆ ಗೋಲಿ ಆಡಿದವರೆಲ್ಲ ಸಂಜೆಯಾದರೆ ಹೆಂಡತಿ ಮಕ್ಕಳ ಹಿಂದೆ. ಎದುರಿಗೆ ಸಿಕ್ಕಿದರೆ "ಊಟ ಆಯ್ತೇನ್ಲಾ?" ಅಂತ ಕೇಳಿ, ಉತ್ತರಕ್ಕೂ ನಿಲ್ಲದೆ ಹೋಗುವರು. ಅವ್ವ ಕಲ್ಲಮ್ಮ ಉಂಡ ಕೂಡಲೇ ಮಲಗುವಳು. ಆಮೇಲೆ ಅವನು ಕೊಟ್ಟಿಗೆಗೆ ಹೋಗಿ ಗೌರಿ, ಚಂದ್ರಿ ಅನ್ನುವ ಹಸುಗಳ ಹತ್ತಿರ ಮಾತಾಡುತ್ತಿದ್ದ. ಅವು ಪಾಪ, ಮೆಲುಕು ಹಾಕುತ್ತಾ ಕೇಳುತ್ತಿದ್ದವು.

ಹಾಸನದ ಕಾಲೇಜಿನ ಮೇಷ್ಟ್ರು ಪ್ರದ್ಯುಮ್ನ ಇವನ ಮನೆಯ ಹಾಲು ಕೊಳ್ಳುತ್ತಿದ್ದರು. ಭಾನುವಾರ ನಾವೊಂದಿಷ್ಟು ಜನ ಸಕಲೇಶಪುರದ ಕಡೆ ಗುಡ್ಡ ಹತ್ತುತ್ತೇವೆ, ನೀವೂ ಬನ್ನಿ ಅಂದರು. ಮಂಜೇಶನಿಗೆ ರಾತ್ರಿ ನಿದ್ದೆ ಬರಲಿಲ್ಲ. ಹೆಣ್ಣಿನ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಯಾರಾದರೂ ಒಬ್ಬರು ಪಕ್ಕದಲ್ಲಿ ಮಾತಾಡುತ್ತಾ ನಡೆದರೆ ಸಾಕಿತ್ತು ಅವನಿಗೆ.

ಗುಡ್ಡದ ಬುಡದಲ್ಲಿ ಎಲ್ಲರ ಕಣ್ಣೂ ಹಸಿರು ಬ್ಯಾಗಿನ ಮೇಲೆ. ಚನ್ನರಾಯಪಟ್ಟಣದಲ್ಲಿ ನರ್ಸ್ ಆಗಿದ್ದ ಸಂಘಮಿತ್ರಾ, "ಅಯ್ಯೋ ಮಂಜೇಶಣ್ಣ, ಏನಿದೆ ಇದ್ರಲ್ಲಿ?" ಅಂತ ಕೇಳಿದಳು.

"ಏನಿಲ್ಲ ಮೇಡಂ, ಒಂದ್ ಡಬ್ಬಿ ಚಿತ್ರಾನ್ನ."

"ಹಾಗಾದ್ರೆ ನನ್ನ ಜರ್ಕಿನ್ ಇಟ್ಕೊಳ್ತೀರಾ?"

ಜರ್ಕಿನ್ನಿನ ಹಿಂದೆ ಚಾಪೆ ಬಂತು, ಎಲ್ಲರ ಪಲಾವಿನ ಪಾತ್ರೆ ಬಂತು, ನೀರಿನ ಬಾಟಲಿಗಳು ಬಂದವು. ಮೂಟೆ ಹೊತ್ತ ಬೆನ್ನು, ಅದಕ್ಕೇನು ಭಾರವಲ್ಲ. ಆದರೆ ಏರು ಬಂದಾಗ ಕಾಲು ನಿಧಾನವಾಯಿತು. ಉಳಿದವರು ಇಬ್ಬಿಬ್ಬರಾಗಿ ಹರಟುತ್ತಾ ಮುಂದೆ ಹೋದರು. ಇವನಿಗೆ ಮೇಲಿನಿಂದ ನಗು ಮಾತ್ರ ಕೇಳಿಸುತ್ತಿತ್ತು. ಅಲ್ಲಲ್ಲಿ ನಿಂತು, "ತಡೀರಿ, ಮಂಜೇಶಣ್ಣ ಬರ್ಲಿ, ನೀರು ಅವರ ಹತ್ರ ಇದೆ" ಅನ್ನುವರು. ಇವನು ಬಂದೊಡನೆ ಎಲ್ಲರೂ ಮುತ್ತಿಕೊಳ್ಳುವರು. ನೀರು ಕುಡಿಯುತ್ತಾ ಸಂಘಮಿತ್ರಾ ನಿಮ್ಮ ಹಸುಗಳ ಹೆಸರೇನು ಅಂತ ಕೇಳಿದಳು. ಒಂದ್ರದ್ದು ಗೌರಿ ಅನ್ನುವಷ್ಟರಲ್ಲಿ ಎಲ್ಲರೂ ಎದ್ದಿದ್ದರು.

"ಯಾರಾದ್ರೂವೆ ಮಾತಾಡ್ಸುದ್ರೇನ್ಲಾ?" ಅಂದಳು ಅವ್ವ ಸಂಜೆ.

"ಊಂ ಕಣವ್ವ, ಎಲ್ರೂ ಮಾತಾಡ್ಸುದ್ರು."

"ಏನಂದ್ರು?"

"ನೀರ್ ಕೇಳುದ್ರು."

ಎಲ್ಲ ಬ್ಯಾಗಿನದೇ ತಪ್ಪು ಅಂತ ಅವನಿಗೆ ಖಾತ್ರಿಯಾಯಿತು. ಮತ್ತೆ ಹಾಸನಕ್ಕೆ ಹೋದ. ದೇವರಾಜ್ ನೀಲಿ ಬ್ಯಾಗು ಇಳಿಸಿಕೊಟ್ಟ.

ಮುಂದಿನ ಸಲ ಮಂಜೇಶ ಗಾಳಿಯಲ್ಲಿ ತೇಲಿದ. ಪ್ರದ್ಯುಮ್ನ, ಸಂಘಮಿತ್ರಾ ಇಬ್ಬರ ಪಕ್ಕದಲ್ಲೇ ನಡೆದ. ಅವರು ಟ್ರಾನ್ಸ್‌ಫರ್, ಇನ್‌ಕ್ರಿಮೆಂಟ್ ಅಂತ ಮಾತಾಡುತ್ತಿದ್ದರು. ಇವನು ಎಲ್ಲಿ ಬಾಯಿ ಹಾಕುವುದು? ಚಂದ್ರಿ ಕರು ಹಾಕಿದ ಸುದ್ದಿ ನಾಲಿಗೆಯ ತುದಿಯಲ್ಲೇ ಉಳಿಯಿತು. ಝರಿಯ ಹತ್ತಿರ ಬೂಟಿನ ಲಾಡಿ ಕಟ್ಟಲು ಬಗ್ಗಿದ. ತಲೆ ಎತ್ತಿದರೆ ದಾರಿಯಲ್ಲಿ ಯಾರೂ ಇಲ್ಲ. ಯಾರಾದರೂ ಕೂಗಬಹುದು ಅಂತ ಅಲ್ಲೇ ನಿಂತ. ಈವತ್ತು ಎಲ್ಲರ ನೀರೂ ಅವರವರ ಬೆನ್ನ ಮೇಲೇ ಇತ್ತು.

ತುದಿ ಮುಟ್ಟಿದಾಗ ಗುಂಪಿನ ಫೋಟೋ ಮುಗಿದಿತ್ತು. "ಅರೆ, ನೀವು ಮುಂದೆ ಹೋಗಿದ್ದೀರಿ ಅಂದ್ಕೊಂಡಿದ್ದೆ" ಅಂದರು ಪ್ರದ್ಯುಮ್ನ. ಕೆಟ್ಟ ಮನುಷ್ಯರಲ್ಲ, ಮರೆತಿದ್ದರು ಅಷ್ಟೆ. ಬಂಡೆಯ ಆಚೆ ಕೂತು ಡಬ್ಬಿ ಬಿಚ್ಚಿದ ಮಂಜೇಶನಿಗೆ ಅಳು ಬಂತು.

ಮೂರನೆಯ ಭಾನುವಾರದ ಹಿಂದಿನ ದಿನ ಅವನು ಅಟ್ಟದಿಂದ ಹಸಿರು ಬ್ಯಾಗು ಇಳಿಸಿದ. ಧೂಳು ಕೊಡವಿ, ಬಿಗಿಯಾದ ಜಿಪ್ಪಿಗೆ ಮೇಣದ ಬತ್ತಿ ಉಜ್ಜಿದ. ಗುಡ್ಡದ ಬುಡಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ, ಬ್ಯಾಗಿನ ಬಾಯಿ ಅಗಲಿಸಿ ಹಿಡಿದು ನಿಂತ.

"ಕೊಡಿ, ಕೊಡಿ, ಬೇಕಾದಷ್ಟು ಜಾಗ ಐತೆ."

ಸಂಘಮಿತ್ರಾ ಜರ್ಕಿನ್ ಹಾಕಿ, ಬಾಟಲಿ ಹಿಡಿದು ಅನುಮಾನಿಸಿದಳು. "ಇದು ನನ್ನ ಹತ್ರಾನೇ ಇರ್ಲಿ ಬಿಡಿ ಮಂಜೇಶಣ್ಣ, ನಿಮಗೆ ಭಾರ ಆಗುತ್ತೆ."

"ಬ್ಯಾಡಿ ಮೇಡಂ," ಅಂದ ಅವನು ಗಾಬರಿಯಿಂದ. "ಬ್ಯಾರೆ ಏನ್ ಬೇಕಾದ್ರೂ ಇಟ್ಕಳಿ. ನೀರ್ ಮಾತ್ರ ಎಲ್ರುದ್ದೂ ನನ್ಗೇ ಕೊಟ್ಬುಡಿ."