ಗಾಜಿನೊಳಗಿನ ಚೀಟಿ

ಬೆಳಿಗ್ಗೆ ಒಂಬತ್ತು ಇಪ್ಪತ್ತು. ತಂತ್ರಾಂಶ ಕಚೇರಿಯ ಹಲಗೆಯ ಮೇಲಿನ ನಲವತ್ತೊಂದು ಹಳದಿ ಚೀಟಿಗಳಿಗೆ ಗಾಜು ಹಾಕಿಯಾಗಿತ್ತು.

"ಫ್ಯಾನಿನ ಗಾಳಿಗಿ ಹಾರಬಾರ್ದಂತ ಸಾವ್ಕಾರ್ರು ಹೇಳ್ಯಾರ್ರಿ," ಎಂದ ಫೋಟೊ ಕಟ್ಟು ಹಾಕುವ ಮಲಂಗಸಾಬ. "ಹನ್ನೆರಡು ಮೊಳಿ ಹೊಡದೀನಿ. ನಿಮ್ಮ ಮೊಮ್ಮಕ್ಕಳು ಬಂದು ಜಗ್ಗಿದ್ರೂ ಅಲ್ಲಾಡಂಗಿಲ್ಲ."

ಅಲ್ಲಾಡಲೆಂದೇ ಅಂಟಿಸಿದ ಚೀಟಿಗಳವು. ಒಂದೊಂದು ಕೆಲಸಕ್ಕೆ ಒಂದೊಂದು. 'ಮಾಡಬೇಕು', 'ನಡೆದಿದೆ', 'ಮುಗಿದಿದೆ' ಎಂಬ ಮೂರು ಕಂಬಸಾಲುಗಳಲ್ಲಿ ಎಡದಿಂದ ಬಲಕ್ಕೆ ಸರಿಯಬೇಕು. ಮುನ್ನೂರು ಪುಟ ಬರೆದು, ಆಮೇಲೆ ತಂತ್ರಾಂಶ ಮಾಡಿ, ಯಾರೂ ಬಳಸದೆ ಬಿಡುವುದು ಸಾಕು. ಹದಿನೈದು ದಿನಕ್ಕೆ ಸ್ವಲ್ಪ ಮಾಡೋಣ, ಬಳಸುವವರಿಗೆ ತೋರಿಸಿ ತಿದ್ದೋಣ ಎಂದು ತಂಡದ ಮುಖ್ಯಸ್ಥ ವಿದ್ಯಾಧೀಶ ಮೂರು ತಿಂಗಳು ವಾದಿಸಿದ್ದ. ಅಜೈಲ್ ಎಂಬ ಆ ಪದ್ಧತಿಗೆ ಮಾಲೀಕ ಚನ್ನವೀರ ನಿನ್ನೆ ಒಪ್ಪಿದ್ದರು. ಒಪ್ಪಿಗೆ ಇವತ್ತು ಗಾಜಾಗಿ ಬಂದಿತ್ತು.

ತಪ್ಪು ಹುಡುಕುವ ಕೆಲಸದ ಚಂದ್ರಕಲಾ ನಡುವಿನ ಸಾಲಿಗೆ ಬೆರಳು ತೋರಿಸಿದಳು. 'ಮಾನ್ವಿ ಗೇಟ್, ಯಮನಮ್ಮ: ಒಂದೇ ಊರಿನ ಎರಡನೇ ಲಾರಿ ಪಟ್ಟಿಯಲ್ಲಿ ಕಾಣುವುದಿಲ್ಲ.' ಮಾನ್ವಿಯ ಮಿಲ್ಲೊಂದರ ಗೇಟಿನಲ್ಲಿ ಕೂತು ಇವರ ತಂತ್ರಾಂಶದಲ್ಲಿ ಲಾರಿಗಳನ್ನು ದಾಖಲಿಸುವವಳು ಯಮನಮ್ಮ.

"ನಿನ್ನೆನೇ ಸರಿ ಮಾಡೀವಲ್ರಿ ಸರ್. ಗೇಟಿನ ಕಂಪ್ಯೂಟರಿಗಿ ಹಾಕಿಬಿಡ್ರಿ. ಇನ್ನೊಂದು ಲಾರಿ ತಪ್ಪಿದ್ರ ಕೆಲಸಕ್ಕ ಬರಬ್ಯಾಡ ಅಂದಾರಂತ ಆಕಿಗಿ."

"ಸಾವ್ಕಾರ್ರಿಗೆ ಒಂದು ಮಾತು ಕೇಳಿ ಹಾಕೋಣ," ಎಂದ ವಿದ್ಯಾಧೀಶ.

ನಿಂತೇ ಮುಗಿಸಬೇಕಾದ ಹತ್ತು ನಿಮಿಷದ ಸಭೆಗೆ ಚನ್ನವೀರ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಾರ. ಹಾರವನ್ನು ಹಲಗೆಗೆ ಹಾಕಿ ಕೈಮುಗಿದರು.

"ಯಾಕ ನಿಂತೀರಿ? ನನ್ನ ರೈಸ್ ಮಿಲ್ಲಿನ್ಯಾಗ ಹಮಾಲರನ್ನೂ ನಿಲ್ಲಿಸಿ ಮಾತಾಡಿಸಂಗಿಲ್ಲ ನಾನು. ಕುಂದರ್ರಿ."

ಎಲ್ಲರೂ ಕೂತರು. ಚಹಾ ಬಂತು, ಮಂಡಕ್ಕಿ ಒಗ್ಗರಣಿ ಬಂತು, ಮಿರ್ಚಿ ಭಜಿ ಬಂತು.

"ಹನ್ನೊಂದಕ್ಕ ದೇವದುರ್ಗದ ಹತ್ತಿ ಮಿಲ್ಲಿನವರು ಹೊಸಾ ಪದ್ಧತಿ ನೋಡಾಕ ಬರ್ತಾರ. ಆಮ್ಯಾಲ ಅವರ ಸಂಗಡ ನಾನೂ ದೇವದುರ್ಗಕ್ಕ ಹೋಗ್ತೀನಿ."

"ಮಾನ್ವಿದೊಂದು ತಿದ್ದುಪಡಿ ಈಗಲೇ ಹಾಕಬೇಕಿತ್ರಿ," ಎಂದ ವಿದ್ಯಾಧೀಶ.

"ಫೈಲಿನ್ಯಾಗ ಅದ ಏನು?"

"ಚೀಟಿಯೊಳಗ ಅದರಿ."

"ಚೀಟಿ ಗಾಜಿನ್ಯಾಗ ಅದ." ಚನ್ನವೀರ ನಗಲಿಲ್ಲ. "ಬರದು ತರ್ರಿ. ಸಂಜಿಗಿ ಬಂದು ಸಹಿ ಮಾಡ್ತೀನಿ. ಸಹಿ ಇಲ್ದ ಒಂದಕ್ಷರ ಮುಟ್ಟಬ್ಯಾಡ್ರಿ."

ವಿದ್ಯಾಧೀಶ ಬರೆಯಲು ಕೂತ. ಒಂದು ಗುಂಡಿ ಒತ್ತಿದರೆ ಮಾನ್ವಿಯ ತಪ್ಪು ಸರಿಹೋಗುತ್ತಿತ್ತು. ಚನ್ನವೀರ ದೇವದುರ್ಗಕ್ಕೆ ಹೊರಟುಹೋದ ಮೇಲೆ ಅವನನ್ನು ತಡೆಯಲು ಅಲ್ಲಿ ಯಾರೂ ಇರಲಿಲ್ಲ. 'ಉದ್ದೇಶ' ಎಂದು ಬರೆದು ಅಡಿಗೆರೆ ಎಳೆದ. 'ವ್ಯಾಪ್ತಿ' ಎಂದು ಬರೆದ. ಒಂದೇ ಸಾಲಿನ ಸಂಗತಿ ಏಳನೇ ಪುಟಕ್ಕೆ ಸಲೀಸಾಗಿ ಹರಿಯಿತು. ಎಂಟನೇ ಪುಟದಲ್ಲಿ ಒಂದು ಉಪಶೀರ್ಷಿಕೆ ಚೆನ್ನಾಗಿ ಬಂತೆಂದು ಅವನಿಗೆ ಖುಷಿಯಾಯಿತು. ಆ ಖುಷಿ ಗೊತ್ತಾದ ಕೂಡಲೇ ಅದರ ಅಡಿಗೆರೆ ಅಳಿಸಿದ. ಮತ್ತೆ ಎಳೆದು ಒಂಬತ್ತನೇ ಪುಟ ಶುರು ಮಾಡಿದ.

ಒಂದು ಗಂಟೆ ಹತ್ತು ನಿಮಿಷಕ್ಕೆ ಯಮನಮ್ಮನ ಫೋನ್ ಬಂತು.

"ಯಪ್ಪಾ, ಗಿಲ್ಲೆಸುಗೂರಿನ ಎರಡನೇ ಲಾರಿ ಕಾಣವಲ್ದು. ಡ್ರೈವರ್ ಬಾಯಿಗಿ ಬಂದಂಗ ಬೈಯಾಕತ್ತಾನ."

"ಸದ್ಯಕ್ಕ ಕಾಗದದ ಮ್ಯಾಲ ಬರಕೋರಿ, ಯವ್ವಾ."

"ಕಾಗದ ಬ್ಯಾಡಂತ ವಹಿ ಕಸಗೊಂಡು ಹೋದವ್ರು ನೀವೇ ಅಲ್ಲೇನು?"

"ಸಂಜಿಯೊಳಗ ಆಗ್ತದ."

"ಸಂಜಿಗಿ ನಾ ಇಲ್ಲಿ ಇರಬೇಕಲ್ಲೋ."

ಎದುರು ಮೇಜಿನಿಂದ ಚಂದ್ರಕಲಾ ನೋಡುತ್ತಿದ್ದಳು. ಅವನು ಪುಟದ ಅಂಚು ಸರಿಮಾಡುವುದರಲ್ಲಿ ತೊಡಗಿದ.

ಐದೂ ನಲವತ್ತಕ್ಕೆ ಚನ್ನವೀರ ಬಂದರು. ಹದಿನಾಲ್ಕು ಪುಟಗಳನ್ನು ಅಂಗೈಯಲ್ಲಿಟ್ಟು ತೂಗಿ, ಓದದೆ ಸಹಿ ಹಾಕಿದರು. "ಹಿಂಗಿರಬೇಕ್ರಿ ಪದ್ಧತಿ."

ವಿದ್ಯಾಧೀಶ ಗುಂಡಿ ಒತ್ತಿದ. ನಾಲ್ಕು ಸೆಕೆಂಡು ಹಿಡಿಯಿತು. ಮಾನ್ವಿ ಗೇಟಿಗೆ ಫೋನ್ ಮಾಡಿದ. ಒಬ್ಬ ಗಂಡಸು ಎತ್ತಿದ.

"ಯಮನಮ್ಮ?"

"ಕೆಲಸ ಬಿಡಿಸ್ಯಾರ್ರಿ ಆಕಿನ್ನ, ಮಧ್ಯಾಹ್ನನ. ಏನ್ ಹೇಳಬೇಕಿತ್ತು?"

"ಏನಿಲ್ಲ."

ಚಂದ್ರಕಲಾ ಹಲಗೆಯ ಮುಂದೆ ನಿಂತಿದ್ದಳು. "ಇದನ್ನ ಮುಗಿದಿದೆಗೆ ಸರಸ್ರಿ ಸರ್," ಎಂದಳು. ಅವನು ಹಲಗೆಯ ಹತ್ತಿರ ಬಂದ. ಗಾಜಿನಲ್ಲಿ ಅವನ ಮುಖ ನಡುವಿನ ಸಾಲಿನ ಮೇಲೆ ಬಿದ್ದಿತ್ತು, ಹಾರದ ಕೆಳಗೆ.

ಮರುದಿನ ಒಂಬತ್ತು ಇಪ್ಪತ್ತಕ್ಕೆ ಮಲಂಗಸಾಬ ಇನ್ನೊಂದು ಗಾಜಿನ ಹಲಗೆ ತಂದು ಗೋಡೆಗೆ ಒರಗಿಸಿದ. ಅದು ದೇವದುರ್ಗದ ಮಿಲ್ಲಿನವರು ತಮಗೂ ಬೇಕೆಂದು ಮಾಡಿಸಿದ್ದು. ಒಳಗೆ ಅವೇ ನಲವತ್ತೊಂದು ಚೀಟಿಗಳ ಜೆರಾಕ್ಸ್ ಇದ್ದವು; ನಡುವಿನ ಸಾಲಿನಲ್ಲಿ ಯಮನಮ್ಮನ ಹೆಸರೂ ಇತ್ತು.