ಅಮಾವಾಸ್ಯೆಯ ರಜೆ

“ಈ ವಯಸ್ಸಿಗೆ ಟೈಪಿಂಗ್ ಕಲೀತೀರಾ?” ಎಂದು ಸೀಬೆಹಣ್ಣಿನವನು ತಮಿಳಿನಲ್ಲಿ ಕೇಳಿ ನಕ್ಕ. ಚೆನ್ನಕೇಶವನ್‌ಗೆ ಐವತ್ತೆರಡು. ಉಕ್ಕಡಂ ಬಸ್ ನಿಲ್ದಾಣದ ಹೊರಗೆ ಅವನು ಹೀಗೆ ವಿಚಾರಿಸುತ್ತಿದ್ದುದು ಇದು ನಾಲ್ಕನೆಯವರನ್ನು. ಮೀನು ಮಾರ್ಕೆಟ್ಟಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್, ಅದರ ಮಹಡಿಯಲ್ಲಿ ಸಂಜೆ ಆರಕ್ಕೆ ಮೀಟಿಂಗ್ ಎಂದು ಫೋನಿನಲ್ಲಿ ಹೇಳಿದ್ದರು. ಇನ್‌ಸ್ಟಿಟ್ಯೂಟ್ ಮುಚ್ಚಿ ಎಷ್ಟು ಕಾಲವಾಗಿತ್ತೋ, ಯಾರಿಗೂ ನೆನಪಿರಲಿಲ್ಲ. ಮೀಟಿಂಗ್ ಯಾವುದೆಂದು ಹೇಳಲು ಇವನಿಗೆ ಬಾಯಿ ಬರಲಿಲ್ಲ.

“ಮನೆಗೆ ಹೋಗಣ ನಡಿ ಪಂಕಜಂ” ಎಂದ, ಹೆಂಡತಿಯ ಮುಖ ನೋಡದೆ.

ಮನೆಗೆ ಹೋದರೆ ಏನಾಗುತ್ತದೆಂದು ಪಂಕಜಂಗೆ ಗೊತ್ತಿತ್ತು. ಅಂದು ಅಮಾವಾಸ್ಯೆ. ಪೆರಿಯನಾಯಕನಪಾಳ್ಯದ ಅವರ ಕನ್ನಡ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯೆಂದರೆ ಮಗ್ಗಕ್ಕೆ ರಜೆ. ಲಾಳಿಯ ಸದ್ದಿಲ್ಲದ ಆ ದಿನ ಗಂಡನ ಕೈ ಸುಮ್ಮನಿರುತ್ತಿರಲಿಲ್ಲ. ಬೇರೆ ದಿನ ರಾತ್ರಿ ಮಾತ್ರ ಕುಡಿಯುವವನು ಅಮಾವಾಸ್ಯೆಯಂದು ಬೆಳಗ್ಗೆಯೇ ಶುರು ಮಾಡುತ್ತಿದ್ದ. ಕಳೆದ ಅಮಾವಾಸ್ಯೆಯಂದು ಕುಡಿದು ಬಂದವನು, ಅರ್ಧ ನೇಯ್ದಿದ್ದ ರೇಷ್ಮೆ ಸೀರೆಯ ಉದ್ದೆಳೆಗಳ ಹಾಸನ್ನು ಕುಡುಗೋಲಿನಿಂದ ಅಡ್ಡಕ್ಕೆ ಕತ್ತರಿಸಿ ಹಾಕಿದ್ದ. ನೇಕಾರನಾದವನು ಮಾಡುವ ಕೆಲಸವಲ್ಲ ಅದು. ಕೈ ಕತ್ತರಿಸಿಕೊಂಡರೂ ಜನ ಕ್ಷಮಿಸಿಯಾರು, ಮಗ್ಗದ ಮೇಲಿನ ಹಾಸು ಕತ್ತರಿಸಿದವನನ್ನು ಕ್ಷಮಿಸಲಾರರು.

ಪಂಕಜಂ ಅಳಲಿಲ್ಲ, ಬೈಯಲೂ ಇಲ್ಲ. ಒಂಬತ್ತು ದಿನ ಮಗ್ಗದ ಮುಂದೆ ಕೂತು ಕಡಿದ ಎಳೆಗಳನ್ನೆಲ್ಲ ಒಂದೊಂದಾಗಿ ಗಂಟು ಹಾಕಿದಳು. ಹತ್ತನೆಯ ದಿನ ಎದ್ದು, “ಕೂತ್ಕೊಳ್ಳಿ, ನೇಯಿರಿ” ಎಂದಳು. ಆಮೇಲೆ ಎಲ್ಲೆಲ್ಲೋ ವಿಚಾರಿಸಿ ಆ ಫೋನ್ ನಂಬರ್ ಹುಡುಕಿದವಳೂ ಅವಳೇ. ಚೆನ್ನಕೇಶವನ್ ಅಂದಿನಿಂದ ಇಂದಿನವರೆಗೆ ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೆ ಈ ಅಮಾವಾಸ್ಯೆಯ ಸಂಜೆ ಇನ್ನೂ ಕಳೆದಿರಲಿಲ್ಲ.

“ಏನುಂಗ, ನೇರಾ ಕೇಳಿಬಿಡಿ” ಎಂದಳು.

“ನಮ್ಮ ಸೊಂದಕಾರರು, ನೆಂಟರಿಷ್ಟರು ಓಡಾಡೋ ಜಾಗ ಇದು. ಯಾರಾನ ಕೇಳಿಸ್ಕೊಂಡ್ರೆ?”

“ಕುಡ್ದು ಮೋರಿ ಪಕ್ಕ ಬಿದ್ದಿರೋವಾಗ ಆ ಸೊಂದಕಾರರೇ ತಾನೇ ಎತ್ಕೊಂಡು ಬಂದಿದ್ದು? ಆಗ ಇಲ್ಲದ ವೆಕ್ಕ ನಾಚಿಕೆ ಈಗ ಯಾತಕ್ಕೆ?”

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಪಂಕಜಂಗೆ ಬಾಯಿದೆಯೆಂಬುದೇ ಅವರ ಬೀದಿಗೆ ಗೊತ್ತಿರಲಿಲ್ಲ. ಅಂಥವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಟೋಗಳು ಸಾಲಾಗಿ ನಿಂತಿದ್ದ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: “ಅಣ್ಣಾ! ಕುಡಿಯ ವಿಡ್ರವಂಗ ಮೀಟಿಂಗ್ ಎಂಗೀಂಗ ನಡಕ್ಕುದು?”

ಕುಡಿತ ಬಿಡುವವರ ಮೀಟಿಂಗ್ ಎಲ್ಲಿ ಎಂಬ ಆ ಪ್ರಶ್ನೆಗೆ ಅರ್ಧ ನಿಲ್ದಾಣ ತಿರುಗಿ ನೋಡಿತು. ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಆಟೋದವನು ಮಾತ್ರ ನಗದೆ ಕೆಳಗಿಳಿದು, ಮಾರ್ಕೆಟ್ಟಿನ ಹಿಂದಿನ ಓಣಿಯನ್ನೂ ಈಗ ಮೊಬೈಲ್ ಅಂಗಡಿಯಾಗಿರುವ ಆ ಕಟ್ಟಡವನ್ನೂ ಬೆರಳು ಮಾಡಿ ತೋರಿಸಿದ. ಚೆನ್ನಕೇಶವನ್ ತಲೆ ತಗ್ಗಿಸಿಕೊಂಡು ಅವಳ ಹಿಂದೆ ನಡೆದ.

ಮಹಡಿಯ ಬಾಗಿಲಲ್ಲಿ ಸೆಲ್ಲಪ್ಪನ್ ಎಂಬ ಮುದುಕರು ಕೈ ಮುಗಿದು ಬರಮಾಡಿಕೊಂಡರು. ಆದರೆ ಇವತ್ತಿನ ಕೂಟ ಕುಡಿತ ಬಿಡುವವರಿಗೆ ಮಾತ್ರ, ಮನೆಯವರು ಹೊರಗೆ ಕೂರಬೇಕು ಎಂದರು. ಚೆನ್ನಕೇಶವನ್‌ಗೆ ಅಷ್ಟೇ ನೆಪ ಸಾಕಾಯಿತು.

“ನಾ ಒಬ್ಬನೇ ಹೋಗಲ್ಲ. ಮುಂದಿನ ವಾರ ಬರಣ” ಎಂದು ಚಪ್ಪಲಿ ಬಿಡದೆಯೇ ತಿರುಗಿದ.

ಎರಡು ಮೆಟ್ಟಿಲು ಕೆಳಗೆ ಇಸ್ತ್ರಿ ಅಂಗಿಯ ಒಬ್ಬ ನಿಂತಿದ್ದ. “ನೀವು ಕನ್ನಡದವರಾ?” ಎಂದು ತಡವರಿಸುತ್ತ ಕೇಳಿದ. “ನಾನು ಉಮಾಪತಿ ಅಂತ. ಹಾಸನದ ಕಡೆ. ಇಲ್ಲೇ ಗಣಪತಿ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಮೂರು ಶುಕ್ರವಾರದಿಂದ ಈ ಜಾಗ ಹುಡುಕಿ ಹುಡುಕಿ ವಾಪಸ್ ಹೋಗ್ತಿದೀನಿ. ಯಾರನ್ನೂ ಕೇಳೋ ಧೈರ್ಯ ಬರ್ಲಿಲ್ಲ. ಇವತ್ತು ಇವರು ಕೂಗಿದ್ದು ಕೇಳಿಸ್ತು, ಹಿಂದೇನೇ ಬಂದೆ.” ಬಾಗಿಲ ಕಡೆ ನೋಡಿ, “ನನಗೆ ತಮಿಳು ಅಷ್ಟಾಗಿ ಬರಲ್ಲ. ಒಳಗೆ ಏನು ಮಾತಾಡ್ತಾರೋ” ಎಂದ.

ಮೆಟ್ಟಿಲ ಕಂಬಿ ಹಿಡಿದಿದ್ದ ಅವನ ಬೆರಳುಗಳು ನಡುಗುತ್ತಿದ್ದವು. ಆ ನಡುಕ ಚೆನ್ನಕೇಶವನ್‌ಗೆ ಚೆನ್ನಾಗಿ ಗೊತ್ತು. ಒಂದು ಗಳಿಗೆ ಅದನ್ನೇ ನೋಡಿದ.

“ಬನ್ನಿ ಸಾರ್” ಎಂದ, ಹತ್ತು ವರ್ಷದಿಂದ ಅಲ್ಲಿಗೆ ಬರುತ್ತಿರುವವನ ಹಾಗೆ. “ಅವ್ರು ಹೇಳೋದ ನಾ ನಿಮಗೆ ಹೇಳ್ತೀನಿ.” ಚಪ್ಪಲಿಗಳನ್ನು ಅಡ್ಡಾದಿಡ್ಡಿ ಕಳಚಿ ಒಳಗೆ ನಡೆದೇಬಿಟ್ಟ. ಉಮಾಪತಿ ಬೂಟು ಬಿಚ್ಚಿಟ್ಟು ಹಿಂದೆ ಹೋದ.

ಪಂಕಜಂ ಮೇಲಿನ ಮೆಟ್ಟಿಲಲ್ಲಿ ಕೂತಳು. ಕೆಳಗಿಂದ ಮೀನಿನ ವಾಸನೆ, ಬಸ್ಸುಗಳ ಹಾರ್ನ್ ಬರುತ್ತಿದ್ದವು. ಕೂಗಿದ್ದು ನೆನಪಾಗಿ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೊದ್ದುಕೊಂಡಳು. ಒಳಗೆ ಒಬ್ಬೊಬ್ಬರಾಗಿ ತಮಿಳಿನಲ್ಲಿ ಮಾತಾಡಿದರು. ಪ್ರತಿಯೊಬ್ಬರು ಮುಗಿಸಿದಾಗಲೂ ಗಂಡನ ತಗ್ಗಿದ ದನಿ ಅದನ್ನು ಕನ್ನಡದಲ್ಲಿ ಒಪ್ಪಿಸುವುದು ಕೇಳಿಸುತ್ತಿತ್ತು. ಕೊನೆಗೆ ಅವನ ಸರದಿ ಬಂತು.

“ಎನ್ ಪೇರು ಚೆನ್ನಕೇಶವನ್. ನಾನ್ ಒರು ಕುಡಿಕಾರನ್.”

ಪಕ್ಕದಲ್ಲಿದ್ದ ಆ ಒಬ್ಬನಿಗಾಗಿ ಅವನು ಅದನ್ನೇ ಮನೆಮಾತಿನಲ್ಲಿ ಇನ್ನೊಮ್ಮೆ ಹೇಳಿದ: “ನನ್ನ ಹೆಸ್ರು ಚೆನ್ನಕೇಶವನ್. ನಾನು ಕುಡುಕ.”

ಆ ಮಾತನ್ನು ಅವಳು ಅತ್ತೆಯ ಬಾಯಲ್ಲಿ ಕೇಳಿದ್ದಳು, ಬೀದಿಯವರ ಬಾಯಲ್ಲಿ ಕೇಳಿದ್ದಳು, ಸಿಟ್ಟು ಬಂದಾಗ ತಾನೇ ಆಡಿದ್ದಳು. ಅವನ ಬಾಯಲ್ಲಿ ಇದೇ ಮೊದಲು. ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಸುತ್ತ ನೋಡಿದಳು. ಗಂಡನ ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಅದನ್ನು ನೆಟ್ಟಗೆ ತಿರುಗಿಸಿ, ಉಮಾಪತಿಯ ಬೂಟಿನ ಪಕ್ಕ ಜೋಡಿಸಿಟ್ಟಳು.